ಅರ್ಧರ್ಧ ದಿನವಾಗಿ ಬಿಟ್ಟ ಅಂಗಡಿ

ಅಕ್ಕಾ,

ಆಸ್ಪತ್ರೆಯವರು ನನ್ನ ಕೆಲಸ ಕಾಯಂ ಮಾಡಿದ್ದಾರೆ. ಕಾಗದ ಬಂದು ನಾಲ್ಕು ದಿನವಾಯಿತು, ಇನ್ನೂ ಸಹಿ ಹಾಕಿಲ್ಲ. ಸೋಮವಾರದೊಳಗೆ ಹೌದೋ ಅಲ್ಲವೋ ಹೇಳಬೇಕಂತೆ. ಇಂಥದ್ದನ್ನೆಲ್ಲ ಮೊದಲು ನಿನಗೆ ಹೇಳಿಯೇ ಅಭ್ಯಾಸ, ಅದಕ್ಕೇ ನಮ್ಮ ಅಂಗಡಿಯ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತಿದ್ದೇನೆ. ನೀನು ಹೋಗಿ ಎಪ್ಪತ್ತೊಂದು ದಿನವಾಯಿತು. ಉತ್ತರ ಬರುವುದಿಲ್ಲವೆಂದು ಗೊತ್ತು. ಬದುಕಿದ್ದಾಗಲೂ ನೀನೇನು ಕೇಳಿದ್ದಕ್ಕೆಲ್ಲ ನೆಟ್ಟಗೆ ಉತ್ತರ ಕೊಟ್ಟವಳಲ್ಲ ಬಿಡು.

ನಾಲ್ಕು ವರ್ಷದ ಹಿಂದೆ ಇದೆಲ್ಲ ಶುರುವಾದಾಗ ನನಗೆ ನಲವತ್ತೆರಡು. ಇಪ್ಪತ್ತು ವರ್ಷದಿಂದ ನಾನು ಅಳತೆ ತೆಗೆದು ಬಟ್ಟೆ ಕತ್ತರಿಸುವುದು, ನೀನು ಹೊಲಿಯುವುದು. ಸಮವಸ್ತ್ರ ಹೊಲಿಸಲು ಬಂದ ನರ್ಸಮ್ಮ ಮಾತಿನ ಮಧ್ಯೆ ಹೇಳಿದಳು. ಸುಟ್ಟ ಗಾಯ ಮಾಗುವಾಗ ಚರ್ಮ ಗಂಟುಗಟ್ಟದಿರಲೆಂದು ರೋಗಿಗಳಿಗೆ ಮೈಗಂಟುವ ಬಿಗಿ ಬಟ್ಟೆ ತೊಡಿಸುತ್ತಾರಂತೆ, ಕಾರ್ಖಾನೆಯಿಂದ ಬರುವ ಬಟ್ಟೆ ಯಾರಿಗೂ ಸರಿಯಾಗಿ ಕೂರುವುದಿಲ್ಲವಂತೆ. ನಾನು ಬಾಯಿ ಹಾಕಿದೆ, ನಾನು ಬಂದು ಅಳತೆ ತೆಗೆಯಲೇ ಎಂದೆ. ಬುಧವಾರ ಮಧ್ಯಾಹ್ನ ಹೇಗೂ ಗಿರಾಕಿಗಳು ಕಡಿಮೆ. ನೀನು ತಲೆ ಎತ್ತದೆ, "ಹೋಗಿ ಬಾ, ಇಲ್ಲಿ ಕೂತು ನನ್ನ ತಲೆ ತಿನ್ನೋದು ತಪ್ಪುತ್ತೆ" ಎಂದಿದ್ದೆ.

ಮೊದಲ ದಿನ ಒಬ್ಬ ಬಸ್ ಚಾಲಕನ ಬಲಗೈ. ಇಡೀ ಸೂಟಿನ ಅಳತೆಯನ್ನು ಎರಡು ನಿಮಿಷದಲ್ಲಿ ಮುಗಿಸುವ ಜಾಣೆ ನಾನು, ಐದು ಬೆರಳಿಗೆ ಒಂದು ಗಂಟೆ ತೆಗೆದುಕೊಂಡೆ. ಟೇಪು ತಗುಲಿದಾಗಲೆಲ್ಲ ಅವನು ಹಲ್ಲು ಕಚ್ಚುತ್ತಿದ್ದ. ಒಮ್ಮೆ ಮಾತ್ರ, "ಮೆಲ್ಲಗೆ ತಾಯಿ, ಅದಿನ್ನೂ ನನ್ನ ಕೈಯೇ" ಎಂದ. ಅವತ್ತು ಹಿಂತಿರುಗುವಾಗ ನಮ್ಮ ಅಂಗಡಿ ದಾಟಿ ಎರಡು ಬೀದಿ ಮುಂದೆ ಹೋಗಿಬಿಟ್ಟಿದ್ದೆ. ನಾನು ಹುಟ್ಟಿದ್ದು ಈ ಕೆಲಸಕ್ಕೇ ಎಂದು ಆಗಲೇ ಅನ್ನಿಸಿತ್ತು. ನಿನಗೆ ಮಾತ್ರ, "ಸೆಕೆ ಜಾಸ್ತಿ, ದಾರಿ ತಪ್ಪಿತು" ಎಂದೆ.

ಆಮೇಲಿನದ್ದು ನಿನಗೆ ಗೊತ್ತೇ ಇದೆ. ಬುಧವಾರದ ಅರ್ಧ ದಿನ ಒಂದು ವರ್ಷದ ಮೇಲೆ ಇಡೀ ದಿನವಾಯಿತು. ನಂತರ ಶುಕ್ರವಾರ ಸೇರಿತು. ಈ ಕೆಲಸ ಕಲಿಸುವ ಸಂಜೆಯ ತರಗತಿಗೆ ಸೇರಿಕೊಂಡೆ, ಅಲ್ಲಿ ಪಾಠ ಹೇಳುವವಳಿಗಿಂತ ನಾನೇ ದೊಡ್ಡವಳು. ಪ್ರಮಾಣಪತ್ರ ಬಂತು, ವಾರಕ್ಕೆ ನಾಲ್ಕು ದಿನವಾಯಿತು. ಕೇಳಿದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದೆ: ನಾನು ದುಡುಕಿದವಳಲ್ಲ, ಒಂದೊಂದೇ ಹೆಜ್ಜೆ ಇಟ್ಟು ಬಂದವಳು, ಯಾರಿಗೂ ತೊಂದರೆ ಕೊಡಲಿಲ್ಲ. ಒಂದೇ ಸಲಕ್ಕೆ ಎದ್ದು ಹೋಗಿದ್ದರೆ ನೀನು ಜಗಳ ತೆಗೆಯುತ್ತಿದ್ದೆ, ಅಳುತ್ತಿದ್ದೆ, ಎಂಟು ದಿನ ಮಾತು ಬಿಟ್ಟು ಒಂಬತ್ತನೆಯ ದಿನ ಬೈಯುತ್ತಾ ಚಹಾ ಕೊಡುತ್ತಿದ್ದೆ. ಆ ಜಗಳಕ್ಕೆ ಹೆದರಿ ನಾನು ಅರ್ಧರ್ಧ ದಿನವಾಗಿ ನಿನ್ನನ್ನು ಬಿಟ್ಟೆ. ಅಂಗಡಿ ಬಿಡುತ್ತೇನೆ ಎಂಬ ಮಾತನ್ನು ಮಾತ್ರ ಒಂದು ದಿನವೂ ಆಡಲಿಲ್ಲ.

ಕತ್ತರಿಸುವವಳೇ ಇಲ್ಲದ ಮೇಲೆ ನೀನು ಹೊಲಿಯುವುದಾದರೂ ಏನನ್ನು? ಕೋಟು ನಿಂತಿತು, ಆಮೇಲೆ ಅಂಗಿಯೂ ನಿಂತಿತು. ಪ್ಯಾಂಟಿನ ಕಾಲು ಮಡಚುವುದು, ಜಿಪ್ಪು ಬದಲಿಸುವುದು, ಪರದೆಯ ಅಂಚು ಹೊಲಿಯುವುದು, ಇಷ್ಟೇ ಉಳಿಯಿತು. ಬೋರ್ಡಿನ ಮೇಲಿದ್ದ ಕೋಟಿನ ಚಿತ್ರವನ್ನು ಒಂದು ದಿನ ನೀನೇ ಸ್ಟೂಲು ಹತ್ತಿ ಉಜ್ಜಿ ಅಳಿಸಿದ್ದೆ. ನಾನು ಬಂದು ನೋಡಿ ಬೋರ್ಡು ಈಗ ಚೊಕ್ಕವಾಗಿದೆ ಎಂದೆ. ಎಂಥ ಮಾತು! ಅದನ್ನು ನೆನೆದರೆ ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ನನ್ನನ್ನು ತಳ್ಳಿದವಳೂ ನೀನೇ. "ಶುಕ್ರವಾರಾನೂ ಹೋಗು. ನೊಣ ಹೊಡೆಯೋಕೆ ಇಬ್ಬರು ಬೇಕಾ ಇಲ್ಲಿ?" ಎಂದೆ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನನ್ನಕ್ಕ ಬಂಗಾರದಂಥವಳು ಎಂದು ವಾರ್ಡಿನಲ್ಲೆಲ್ಲ ಹೇಳಿಕೊಂಡು ಬಂದೆ.

ನೀನು ಮಷಿನ್ ಮುಂದೆ ಕುಸಿದ ದಿನ ಎದುರಂಗಡಿಯ ಗುಂಡಿ ಮಾರುವವರು ನಿನ್ನನ್ನು ಊರಿನ ಆ ತುದಿಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹತ್ತಿರದ್ದನ್ನು ಬಿಟ್ಟು ಅಷ್ಟು ದೂರ ಏಕೆ ಎಂದು ನಾನು ಅವರ ಮೇಲೆ ರೇಗಿದೆ. ಡಾಕ್ಟರು ನನ್ನನ್ನು ಹೊರಗೆ ಕರೆದು, "ಎರಡೂವರೆ ವರ್ಷದಿಂದ ಬುಧವಾರ, ಶುಕ್ರವಾರ ಇಲ್ಲಿಗೇ ಬರ್ತಿದ್ರಲ್ಲ. ನಿಮಗೆ ಹೇಳಿಲ್ವಾ?" ಎಂದರು. ನಾನು ನಮ್ಮ ಆಸ್ಪತ್ರೆಯಲ್ಲಿ ಯಾರದೋ ಕೈಗೆ, ಯಾರದೋ ಕತ್ತಿಗೆ ಟೇಪು ಸುತ್ತುತ್ತಿದ್ದ ಹೊತ್ತಿನಲ್ಲೇ ನೀನು ಅಂಗಡಿಗೆ ಬೀಗ ಹಾಕಿ, ಎರಡು ಬಸ್ಸು ಬದಲಿಸಿ, ಅಲ್ಲಿ ಒಬ್ಬಳೇ ಮಲಗಿ ಮೈಗೆ ಔಷಧಿ ಏರಿಸಿಕೊಳ್ಳುತ್ತಿದ್ದೆ. ಸಂಜೆ ನಾನು ಬರುವಷ್ಟರಲ್ಲಿ ಮಷಿನ್ ಮುಂದೆ ಹಾಜರು. ಆ ಶುಕ್ರವಾರವನ್ನು ನೀನು ನನಗೆ ಕೊಟ್ಟಿದ್ದೋ, ನಿನಗಾಗಿ ತೆಗೆದುಕೊಂಡಿದ್ದೋ ನನಗೆ ಇವತ್ತಿಗೂ ತಿಳಿಯುವುದಿಲ್ಲ.

ಆಮೇಲೆ ಒಂಬತ್ತೇ ದಿನ ನನಗೆ ಸಿಕ್ಕಿದ್ದು ನೀನು. ಯಾಕೆ ಹೇಳಲಿಲ್ಲ ಎಂದು ಒಂಬತ್ತು ದಿನವೂ ಕೇಳಿದೆ. ಕೊನೆಗೆ, "ಹೇಳಿದ್ರೆ ನೀನು ಎಲ್ಲಾ ಬಿಟ್ಟು ವಾಪಸ್ ಬಂದು ಕೂತುಬಿಡ್ತಿದ್ದೆ. ದಿನಾ ನಿನ್ನ ಸಪ್ಪೆ ಮೋರೆ ಯಾರು ನೋಡ್ತಾರೆ?" ಎಂದು ನೀನು ನಕ್ಕೆ. ನನಗೆ ನಗು ಬರಲಿಲ್ಲ, ಎದ್ದು ಹೊರಗೆ ಹೋದೆ. ಅವತ್ತು ನಿನ್ನ ಪಕ್ಕದಲ್ಲಿ ಕೂರಬೇಕಾಗಿದ್ದ ಅರ್ಧ ಗಂಟೆಯನ್ನು ಕಾರಿಡಾರಿನಲ್ಲಿ ಸಿಟ್ಟು ಮಾಡಿಕೊಂಡು ಕಳೆದೆ.

ನೀನು ಹೋದ ಮೇಲೆ ಚಿಕ್ಕಮ್ಮ ಎಲ್ಲರೆದುರು, "ಅಳತೆ ತೆಗೆಯೋ ಕಣ್ಣು ನಿಂದು. ಒಂದೇ ಮನೇಲಿದ್ದು ಅವಳ ಮೈ ಇಳಿದಿದ್ದು ಕಾಣಲಿಲ್ವಾ?" ಎಂದು ಕೇಳಿದರು. ಅದಕ್ಕೆ ಉತ್ತರ ಸಿಕ್ಕಿದ್ದು ನಿನ್ನೆ.

ನಿನ್ನ ಬಟ್ಟೆಗಳನ್ನು ಯಾರಿಗಾದರೂ ಕೊಡೋಣವೆಂದು ಬೀರುವಿನಿಂದ ತೆಗೆದು, ಇಸ್ತ್ರಿ ಮಾಡಲು ಒಳಮಗ್ಗುಲನ್ನು ಹೊರಕ್ಕೆ ತಿರುಗಿಸಿದೆ. ನಿನ್ನ ನೀಲಿ ಅಂಗಿಯ ಪಕ್ಕದ ಹೊಲಿಗೆ ಒಂದಿರಲಿಲ್ಲ ಅಕ್ಕ, ಐದಿದ್ದವು. ಒಂದರ ಒಳಗೆ ಒಂದು, ಕಾಲು ಇಂಚು, ಅರ್ಧ ಇಂಚು ಬಿಟ್ಟು. ಬೂದು ಅಂಗಿಯಲ್ಲೂ ಹಾಗೆಯೇ. ಒಟ್ಟು ಏಳು ಅಂಗಿ ನೋಡಿದೆ, ಏಳೂ ಹಾಗೆಯೇ. ಮೈ ಇಳಿದಂತೆಲ್ಲ ನೀನು ಬಟ್ಟೆಯನ್ನು ಒಳಗೆ ಹಿಡಿಯುತ್ತಾ ಬಂದಿದ್ದೆ. ಸಡಿಲವಾದ ಬಟ್ಟೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲವೆಂದು ನಿನಗೆ ಗೊತ್ತಿತ್ತು. ನಾನು ಮೈ ನೋಡುವವಳಲ್ಲ, ಬಟ್ಟೆ ಮೈಮೇಲೆ ಹೇಗೆ ಕೂತಿದೆ ಎಂದು ನೋಡುವವಳು. ಮುಖ ಬಾಡಿದ್ದು ಕಂಡಿತ್ತು, ಒಮ್ಮೆ ಕೇಳಿದ್ದೆ ಕೂಡ. ವಯಸ್ಸಾಯ್ತು ಕಣೇ ಎಂದು ನೀನಂದೆ, ನಾನು ನಂಬಿದೆ. ನನಗೂ ಹೊತ್ತಾಗುತ್ತಿತ್ತು.

ಸ್ವಂತ ಬಟ್ಟೆಗೆ ನಾವು ಹೊಸ ದಾರ ಹಾಕಿದವರಲ್ಲ, ಮಷಿನ್ ಮೇಲೆ ಯಾವುದಿದೆಯೋ ಅದೇ. ಹಾಗಾಗಿ ಯಾವ ಹೊಲಿಗೆ ಯಾವಾಗಿನದೆಂದು ಓದಿಬಿಟ್ಟೆ. ಅಂಗಿಯ ಮೊದಲ ಹೊಲಿಗೆ ಬಿಟ್ಟರೆ, ಹಸಿರು ದಾರ ಶಾಲೆಯ ವಾದ್ಯತಂಡದ ಬಟ್ಟೆಯದ್ದು, ನಾನು ಶುಕ್ರವಾರ ಹೋಗಲು ಶುರುಮಾಡಿದ ಹೊಸತು. ಮರೂನು, ಹೋಟೆಲಿನ ಪರದೆಗಳದ್ದು. ಪರೀಕ್ಷೆಗೆ ಓದುತ್ತಿದ್ದ ನನಗೆ ಆ ಪರದೆಗಳ ರಾಶಿಯನ್ನು ದಾಟಿಕೊಂಡು ಹೋಗಿದ್ದು ನೆನಪಿದೆ. ಕಪ್ಪು ಯಾವುದರದ್ದೋ ಗೊತ್ತಾಗಲಿಲ್ಲ. ಕೊನೆಯದು ಬಿಳಿ, ಅದು ಮಷಿನ್ ಹೊಲಿಗೆಯಲ್ಲ, ಕೈ ಹೊಲಿಗೆ. ನನಗೆಂದು ನೀನು ಹೊಲಿದುಕೊಟ್ಟ ಆಸ್ಪತ್ರೆಯ ಬಿಳಿ ಕೋಟಿನ ದಾರ. ನನ್ನ ಕೋಟು ಮುಗಿಸುವವರೆಗೆ ಪೆಡಲು ತುಳಿಯಲು ಕಾಲಿನಲ್ಲಿದ್ದ ಬಲ, ನಿನ್ನದಕ್ಕೆ ಉಳಿದಿರಲಿಲ್ಲ.

ಇನ್ನೊಂದು ವಿಷಯ. ಒಳಗೆ ಹಿಡಿದ ಬಟ್ಟೆಯನ್ನು ನೀನು ಕತ್ತರಿಸಿರಲಿಲ್ಲ. ಅಷ್ಟೂ ಅಗಲವನ್ನು ಮಡಚಿ ಉಳಿಸಿದ್ದೆ. ಮತ್ತೆ ಮೈ ತುಂಬಿಕೊಂಡರೆ ಬಿಚ್ಚಬೇಕಾಗುತ್ತದೆ ಎಂದುಕೊಂಡಿದ್ದೆಯಾ ಅಕ್ಕ? ನೀನು ಗಟ್ಟಿಗಿತ್ತಿ, ಎಲ್ಲಕ್ಕೂ ಸಿದ್ಧವಾಗಿ ಹೋದೆ ಎಂದು ಎಪ್ಪತ್ತು ದಿನ ನನ್ನನ್ನು ಸಮಾಧಾನ ಮಾಡಿಕೊಂಡಿದ್ದೆ. ನಿನಗೂ ಬದುಕುವ ಆಸೆಯಿತ್ತು. ಅದನ್ನು ನೋಡಿ ಇಸ್ತ್ರಿಯ ಹಲಗೆಯ ಮೇಲೆ ತಲೆಯಿಟ್ಟು ಅತ್ತೆ. ನಿನ್ನನ್ನು ಕಳಿಸಿಕೊಡುವ ದಿನ ನಿನ್ನದೇ ಒಂದು ನೇರಳೆ ಅಂಗಿ ತೊಡಿಸಿ, ಎಷ್ಟು ಚೆನ್ನಾಗಿ ಕೂತಿದೆ ಎಂದು ಒಂದು ಕ್ಷಣ ಹೆಮ್ಮೆಪಟ್ಟಿದ್ದೆ. ದೇವರೇ, ಅಷ್ಟು ಇಳಿದ ಮೈಗೆ ಹಳೆಯ ಅಂಗಿ ಹೇಗೆ ಕೂತಿತೆಂದು ನನಗೆ ಆಗಲೂ ಹೊಳೆಯಲಿಲ್ಲ.

ನಿನ್ನ ಮೇಲೆ ಸಿಟ್ಟು ಇಳಿದಿಲ್ಲ. ನನ್ನನ್ನು ಕೇಳದೆ ನನಗೆ ಇಷ್ಟು ದೊಡ್ಡ ಉಪಕಾರ ಮಾಡಲು ನೀನ್ಯಾರು? ನಾನು ವಾಪಸ್ ಬರುತ್ತಿದ್ದೆನೋ ಇಲ್ಲವೋ, ಅದನ್ನು ನಾನು ತೋರಿಸಬೇಕಿತ್ತು. ಈಗ ಜನ್ಮವಿಡೀ ಬರುತ್ತಿದ್ದೆ ಎಂದು ನಾನೇ ಹೇಳಿಕೊಳ್ಳಬೇಕು, ನಾನೇ ನಂಬಬೇಕು. ನಿಜ ಹೇಳಲೇ? ಗೊಣಗುತ್ತಾ ಬರುತ್ತಿದ್ದೆ. ಆದರೂ ಬರುತ್ತಿದ್ದೆ ಅಕ್ಕ.

ಸೋಮವಾರ ಸಹಿ ಹಾಕುತ್ತೇನೆ. ನಿನ್ನ ಆಸೆ ತೀರಿಸುತ್ತೇನೆ ಎಂಬ ದೊಡ್ಡ ಮಾತು ಬೇಡ. ನನಗೆ ಬೇರೇನೂ ಬರುವುದಿಲ್ಲ, ಆ ಕೆಲಸ ಇನ್ನೂ ಇಷ್ಟ, ಅಷ್ಟೇ. ನಾಲ್ಕು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಇವತ್ತು ಹೇಳುತ್ತಿದ್ದೇನೆ, ಬೈಯುವುದಿದ್ದರೆ ಬೈದುಬಿಡು: ನಾನು ಅಂಗಡಿ ಬಿಟ್ಟೆ.

ಎಲ್ಲಿದ್ದೀಯೋ ಅಲ್ಲಿ ತಣ್ಣಗಿರು. ದೊಡ್ಡವಳು ನೀನು, ಹರಸುವಷ್ಟು ವಯಸ್ಸು ನನಗಿಲ್ಲ, ಆದರೂ ಬೇಡಿಕೊಳ್ಳುತ್ತೇನೆ. ಅಲ್ಲಾದರೂ ದೊಗಳೆ ಬಟ್ಟೆ ಹಾಕಿಕೊಂಡು ಓಡಾಡು. ಯಾರಾದರೂ ನೋಡಿ, ಏನಾಯಿತೆಂದು ನಿನ್ನನ್ನು ಕೇಳಲಿ.

ಮತ್ತೆ ಕೇಳದೇ ಹೋದ,
ನಿನ್ನ ತಂಗಿ