ಟವೆಲ್ಲಿನ ಕೆಳಗಿನ ಕೈ

ಹೆರೆಫರ್ಡ್ ಸೀಮೆ, ಇಂಗ್ಲೆಂಡ್
೧೨ ಅಕ್ಟೋಬರ್ ೨೦೨೫, ರವಿವಾರ

ಪ್ರೀತಿಯ ಅವ್ವಾ,

ನಿನ್ನ ಮಗ ಗೌರೀಶನ ಶರಣು. ಮೊಣಕಾಲಿನ ನೋವು ಹೇಗಿದೆ? ರಾಮದುರ್ಗದಿಂದ ತರಿಸಿದ ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಇಲ್ಲ ಶೀಶೆಯನ್ನು ದೇವರ ಜಗಲಿಯ ಮೇಲಿಟ್ಟು ಪೂಜೆ ಮಾಡುತ್ತಿದ್ದೀಯೋ? ನಾವಿಬ್ಬರೂ ಆರಾಮ. ಫೋನಿನಲ್ಲಿ ನಾನು ಬರೀ ಹೂಂ ಹೂಂ ಅನ್ನುತ್ತೇನೆಂದು ನಿನಗೆ ಸಿಟ್ಟು. ಏನು ಮಾಡಲಿ, ಮೀನಾ ಸ್ಪೀಕರ್ ಹಚ್ಚಿ ಮಗ್ಗುಲಲ್ಲೇ ಕುಳಿತಿರುತ್ತಾಳೆ. ಹೆಂಡತಿಯ ಎದುರಿಗೆ ಎಲ್ಲ ಮಾತು ಆಡಲಾಗುವುದಿಲ್ಲ, ಅದಕ್ಕೇ ಈ ಕಾಗದ. ಅವಳ ಜೊತೆ ಕೆಲಸ ಮಾಡುವ ಸವದತ್ತಿಯ ಕಾಂತೇಶ ದೀಪಾವಳಿಗೆ ಊರಿಗೆ ಹೊರಟಿದ್ದಾನೆ. ಬೈಲಹೊಂಗಲಕ್ಕೆ ಬಂದು ನಿನ್ನ ಕೈಗೇ ಕೊಡುತ್ತಾನೆ, ಊಟ ಮಾಡಿಸದೆ ಕಳಿಸಬೇಡ.

ನಾವು ಕಳಿಸಿದ ಫೋಟೋಗಳನ್ನು ನೀನು ಓಣಿಗೆಲ್ಲ ತೋರಿಸಿದ್ದು ಗೊತ್ತಾಯಿತು. ಫೋಟೋ ಸುಳ್ಳಲ್ಲ ಅವ್ವಾ. ಇಲ್ಲಿಯ ಹಳ್ಳಿಗಳು ಹಾಗೆಯೇ ಇವೆ: ಕರಿ ತೊಲೆ, ಬಿಳಿ ಗೋಡೆಯ ಮನೆಗಳು, ಕಿಟಕಿಯ ಕೆಳಗೆ ಹೂವು, ಚರ್ಚಿನ ಪಕ್ಕ ಹಳ್ಳ, ಹಳ್ಳದಲ್ಲಿ ಬಾತುಕೋಳಿ. ನನ್ನ ಮುಖ ಸಪ್ಪಗಿದೆ ಎಂದು ಮೀನಾ ಪ್ರತಿ ರವಿವಾರ ಒಂದೊಂದು ಊರು ತೋರಿಸಲು ಕರೆದೊಯ್ಯುತ್ತಾಳೆ. ಪಾಪ, ವಾರವಿಡೀ ವೃದ್ಧಾಶ್ರಮದಲ್ಲಿ ಪಾಳಿ ಮಾಡಿ ದಣಿದವಳು. ಆದರೆ ಆ ಊರುಗಳಲ್ಲಿ ಒಂದು ಕಟ್ಟೆಯಿಲ್ಲ, 'ಯಾವೂರ ತಮ್ಮಾ?' ಎಂದು ಕೇಳುವವರಿಲ್ಲ. ಬಾಗಿಲೆಲ್ಲ ಮುಚ್ಚಿರುತ್ತವೆ. ಹೊಲದ ಕಾಲುಹಾದಿಯಲ್ಲಿ ಒಬ್ಬರೇ ನುಸುಳುವಂಥ ಕಟ್ಟಿಗೆಯ ಗೇಟುಗಳಿವೆ. ಮೊನ್ನೆ ಬುತ್ತಿಚೀಲದ ಸಮೇತ ಅದರಲ್ಲಿ ಸಿಕ್ಕಿಕೊಂಡೆ. ಮೀನಾ ಬಿದ್ದು ಬಿದ್ದು ನಕ್ಕಳು, ನಾನೂ ನಕ್ಕೆ. ಆದರೆ ನಿಜ ಹೇಳಬೇಕೆಂದರೆ ಎರಡು ವರ್ಷದಿಂದ ಹಾಗೆಯೇ ಸಿಕ್ಕಿಕೊಂಡು ನಿಂತಿದ್ದೇನೆ. ಸೇಬಿನ ಗೋದಾಮಿನಲ್ಲಿ ಡಬ್ಬಿ ತುಂಬುವುದು, ಮನೆಗೆ ಬಂದು ಕಿಟಕಿಯಾಚೆ ನೋಡುತ್ತ ಕೂಡುವುದು, ಇಷ್ಟೇ.

ಹೋದ ವಾರ ಹತ್ತಿರದ ಪೇಟೆಯಲ್ಲಿ ದನದ ಸಂತೆ ಇದೆ ಎಂದು ಕೇಳಿ ನಾನೇ ಹಟ ಮಾಡಿ ಮೀನಾಳನ್ನು ಕರೆದುಕೊಂಡು ಹೋದೆ. ಸಗಣಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಜೀವ ಬಂತು ನೋಡು! ಕಂಬಿಯ ಒಳಗೆ ಕೆಂಪು ಮೈ, ಬಿಳಿ ಮುಖದ ಹೋರಿ. ಕಂಬಿಗೆ ಒರಗಿ ಅದರ ಒಡೆಯ, ಒಬ್ಬ ಮುದುಕ. ಇಲ್ಲಿ ದರವನ್ನು ಮೈಕಿನಲ್ಲಿ ಕೂಗುತ್ತಾರೆ. ನನಗೆಲ್ಲಿ ಖಬರು! ನಮ್ಮ ಸಂತೆಯಲ್ಲಿ ಅಪ್ಪ ಟವೆಲ್ಲಿನ ಕೆಳಗೆ ಬೆರಳು ಹಿಡಿದು, ಯಾರಿಗೂ ಕಾಣದಂತೆ ದರ ಕುದುರಿಸುತ್ತಿದ್ದನಲ್ಲ, ಹಾಗೆಯೇ ಕೊರಳಿನ ಮಫ್ಲರ್ ತೆಗೆದು ಕೈಗೆ ಮುಚ್ಚಿ ಅವನ ಮುಂದೆ ಚಾಚಿಬಿಟ್ಟೆ. ಅವನು ಕಣ್ಣು ಪಿಳುಕಿಸಿ ತನ್ನ ಕೈಯನ್ನು ಒಳಗೆ ತೂರಿಸಿದ. ನಾನು ಮೂರು ಬೆರಳು ಹಿಡಿದು ಒತ್ತಿದೆ. ನನಗೆ ಚಳಿ ಹತ್ತಿದೆ ಎಂದುಕೊಂಡನೋ ಏನೋ, ಇನ್ನೊಂದು ಕೈಯನ್ನೂ ಹಾಕಿ ನನ್ನ ಕೈ ಬೆಚ್ಚಗೆ ಹಿಡಿದು ನಿಂತ. ಅಪ್ಪನ ಕೈಯಂತೆಯೇ ಒರಟು. ಸಂತೆಯ ನಡುವೆ ಅತ್ತುಬಿಟ್ಟೆ ಅವ್ವಾ. 'ಏನ್ರಿ, ಹುಚ್ಚ ಹಿಡದೈತೇನು? ಮಂದಿ ನೋಡಾಕತ್ತಾರ' ಎಂದು ಮೀನಾ ತೋಳು ಹಿಡಿದು ಎಳೆದಳು. ಬಸ್ಸಿನಲ್ಲಿ ಅವಳೂ ಅತ್ತಳು. 'ಇನ್ನ ಮೂರ ವರ್ಷ ತಡೀರಿ, ಆಮ್ಯಾಲ ಇಲ್ಲೇ ಕಾಯಂ ಇರಾಕ ಪರವಾನಗಿ ಸಿಗತೈತಿ' ಅಂದಳು. ಅವಳು ಸಮಾಧಾನಕ್ಕೆ ಹೇಳಿದ ಮಾತೇ ನನಗೆ ಹೆದರಿಕೆ ಹುಟ್ಟಿಸಿತು.

ಮರುದಿನವೇ ನಿನ್ನ ಫೋನು. ಪಾಡ್ಯದ ಪೂಜೆ ಮುಗಿಸಿ ಅಪ್ಪ ಬಿಟ್ಟುಹೋದ ಜೋಡೆತ್ತನ್ನು ಸಂಗಪ್ಪ ಕಾಕಾನಿಗೆ ಮಾರುತ್ತೇನೆ ಅಂದೆ ನೀನು. 'ನೀ ಅಲ್ಲೇ ನೆಲಿ ನಿಂತಿ, ಇವನ್ನ ಯಾರಿಗಂತ ಕಟ್ಟಲಿ?' ಅಂದೆ. ಮಗ್ಗುಲಲ್ಲಿ ಮೀನಾ, ನಾನು ಹೂಂ ಅಂದೆ. ಆ ಹೂಂ ಹಿಡಿದುಕೊಂಡು ಕೂಡಬೇಡ. ಮಗ ಇಂಗ್ಲೆಂಡಿನಲ್ಲಿದ್ದಾನೆ ಎಂದು ಮಠದಲ್ಲಿ, ಗಿರಣಿಯಲ್ಲಿ ಎದೆಯುಬ್ಬಿಸಿ ಹೇಳುತ್ತೀಯ. ತಿರುಗಿ ಬಂದರೆ ಹೆಂಡತಿಯನ್ನು ಬಿಟ್ಟು ಓಡಿಬಂದ ಅನ್ನುತ್ತಾರೆ ಮಂದಿ. ಅದಕ್ಕೇ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ.

ಕಾಕಾ, ಕಾಕಿಗೆ ನನ್ನ ಶರಣು ಹೇಳು. ಎತ್ತುಗಳ ಕೊರಳ ಕೆಳಗಿನ ಗಂಗೆದೊಗಲನ್ನು ನನ್ನ ಹೆಸರು ಹೇಳಿ ಒಮ್ಮೆ ತುರಿಸು. ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ
ಗೌರೀಶ

ತಾ.ಕ.: ಕಾಂತೇಶ ಬಾಗಿಲಲ್ಲೇ ನಿಂತು ಅವಸರ ಮಾಡುತ್ತಿದ್ದಾನೆ. ಎತ್ತು ಮಾರಬ್ಯಾಡವ್ವಾ. ಕಾಕಾ ಹೆಗಲ ಮೇಲಿನ ಟವೆಲ್ ಇಳಿಸುವುದರೊಳಗೆ ಚಹಾ ಕುಡಿಸಿ ಕಳಿಸಿಬಿಡು. ಸಂಕ್ರಮಣಕ್ಕೆ ಬರುತ್ತೇನೆ, ಟಿಕೆಟ್ ತೆಗೆಸಿದ್ದಾಗಿದೆ. ಹೋಗಿಬರುವ ಟಿಕೆಟ್ ಎಂದುಕೊಂಡಿದ್ದಾಳೆ ಮೀನಾ. ನಾನು ತೆಗೆಸಿದ್ದು ಊರಿಗೆ ಬರುವುದಷ್ಟೇ.