ಹಳದಿಯಾಗಿ ಬಂದ ಮಗು

ತಮ್ಮಾ,

ನೀನು ಏಳುವ ಹೊತ್ತಿಗೆ ಮೇಜಿನ ಮೇಲೆ ಮಾನಿಟರ್ ಇರುವುದಿಲ್ಲ. ಕಳ್ಳರು ಬಂದಿಲ್ಲ, ಅಂಗಡಿಗೆ ಹಿಂದಿರುಗಿಸಲು ನಾನೇ ಒಯ್ದಿದ್ದೇನೆ.

ಅದನ್ನು ನೋಡಿದರೇ ಹೇಸಿಗೆ ನನಗೆ. ಫೋಟೊ ತಿದ್ದಲು ಕಂಪ್ಯೂಟರ್ ತರಲು ಹೋದವನು, ಒಳಗೆ ಕೆಂಪು ಹಸಿರು ದೀಪ ಮಿಣುಕುವ ಪೆಟ್ಟಿಗೆಗೆ ಮರುಳಾಗಿ ಮಾನಿಟರಿನಲ್ಲಿ ಜಿಪುಣತನ ಮಾಡಿದೆ. ತಲೆ ಇತ್ತ ವಾಲಿಸಿದರೆ ಒಂದು ಬಣ್ಣ, ಅತ್ತ ವಾಲಿಸಿದರೆ ಇನ್ನೊಂದು. ಥೂ.

ನಿನ್ನೆ ನನ್ನ ಬಿಳಿ ದಾರದ ರೀಲನ್ನು ಮಾನಿಟರಿನ ಪಕ್ಕಕ್ಕೆ ಹಿಡಿದು ನೋಡಿದೆ. ಮಾನಿಟರಿನ ಬಿಳಿ ನೀಲಿಗೆ ತಿರುಗಿದೆ. ಅದು ನೀಲಿ ತೋರಿಸಿತು, ನೀನು ಹಳದಿ ಸುರಿದೆ, ಸ್ಟುಡಿಯೊದವರು ತಿದ್ದಲು ಕೊಟ್ಟ ಆಲ್ಬಮ್ಮಿನ ಮಗುವಿಗೆ ಪ್ರಿಂಟಿನಲ್ಲಿ ಕಾಮಾಲೆ ಬಂತು. ಆ ತಾಯಿ ಪಾಪ, ಮಗುವನ್ನೆತ್ತಿಕೊಂಡು ಡಾಕ್ಟರ ಹತ್ತಿರ ಓಡಿದ್ದಾಳೆ. "ಇನ್ನೊಂದ್ಸಲ ಹೀಗಾದ್ರೆ ನಿಮ್ಮ ತಮ್ಮನಿಗೆ ಕೆಲಸ ಕೊಡಲ್ಲಮ್ಮ" ಎಂದು ಸ್ಟುಡಿಯೊದವರು ನನ್ನ ಹೊಲಿಗೆ ಅಂಗಡಿಗೇ ಬಂದು ಹೇಳಿ ಹೋದರು. ನೀನು ಮನೆಯಲ್ಲಿ ದೀಪ ನೋಡುತ್ತ ಕೂತಿದ್ದೆ.

ದಾರದ ಡಬ್ಬಿ ಒಯ್ಯುತ್ತಿದ್ದೇನೆ. ಇಪ್ಪತ್ತು ವರ್ಷ ಬಟ್ಟೆಗೆ ದಾರ ಹೊಂದಿಸಿದ ಕಣ್ಣು ಇದು, ಅಂಗಡಿಯವನ ಬಣ್ಣದ ಮಾತಿಗೆ ಬೀಳುವುದಿಲ್ಲ. ಬಿಳಿಯನ್ನು ಬಿಳಿಯಾಗಿ ತೋರಿಸುವ ಮಾನಿಟರ್ ತರುತ್ತೇನೆ. ಒಂದು ಫೋಟೊ ತೆರೆಯಲೂ ಏದುಸಿರು ಬಿಡುವ ನಿನ್ನ ಪೆಟ್ಟಿಗೆಗೆ ಹೆಚ್ಚಿನ ಮೆಮೊರಿಯನ್ನೂ ಹಾಕಿಸೋಣ. ದೀಪದ ವೈರು ಮಾತ್ರ ಕಿತ್ತುಹಾಕು.

ಹಲ್ಲುಜ್ಜಿ, ತಲೆ ಬಾಚಿಕೊಂಡು ಆ ತಾಯಿಯ ಮನೆಗೆ ಹೋಗು. ತಪ್ಪಾಯಿತು ಎನ್ನು. ಮಗುವನ್ನು ಕಿಟಕಿಯ ಬೆಳಕಿಗೆ ತರಲು ಹೇಳಿ ಸರಿಯಾಗಿ ನೋಡಿಕೊಂಡು ಬಾ. ಅದರ ಇಡೀ ಆಲ್ಬಮ್ ತಿದ್ದಿದೆಯಲ್ಲ, ಅದರ ಮುಖವನ್ನು ನೀನಿನ್ನೂ ಒಂದು ಸಲವೂ ನೋಡಿಲ್ಲ.

ಅಕ್ಕ