ದೋಣಿಯವಳಿಲ್ಲದ ಊರು

ಆಗಸ್ಟ್ 5, ಮಂಗಳವಾರ, ಸಂಜೆ

ಎಂಟನೇ ಬಿ ಇವತ್ತು ಕ್ಲಾಸನ್ನು ಸಂತೆ ಮಾಡಿಬಿಟ್ಟಿತು. ಇತಿಹಾಸದ ಪಾಠಕ್ಕೆ ಕ್ಲಾಸಿನಲ್ಲೇ ಆಡುವ ಮುನ್ನೂರು ವರ್ಷದ ಹಿಂದಿನ ಊರು ನಮ್ಮದು — ಬೆಂಚುಗಳ ಕಡೆ ಪೇಟೆ, ಬಾಗಿಲ ಕಡೆ ಆಚೆ ದಡ, ನಡುವೆ ಸೀಮೆಸುಣ್ಣದ ನದಿ. ವರ್ಷವಿಡೀ ಒಬ್ಬೊಬ್ಬರಿಗೆ ಒಂದೊಂದು ಕಸುಬು. ಇಸವಿ ಉರು ಹೊಡೆಸುವುದು ಇತಿಹಾಸವಲ್ಲ ಅಂತ ನನ್ನ ಹಟ. ಮಗಳೂ ಅದೇ ಕ್ಲಾಸು. ಕೇಳಿ ಕೇಳಿ ದೋಣಿಯವಳಾದಳು — ಎಲ್ಲರನ್ನೂ ಬಯ್ಯಬಹುದಲ್ಲ! ಇವತ್ತು ರಾಜನಿಗೇ, "ರಾಜನಾದ್ರೇನು, ಬೂಟು ಕೈಲಿ ಹಿಡ್ಕೊಂಡು ಹತ್ತು. ಈಗ ತಾನೇ ದೋಣಿ ತೊಳ್ದಿದ್ದೀನಿ" ಅಂದಳು. ಪಾಪ, ಬಿಚ್ಚಿದ. ಕಾಲ್ಚೀಲದಲ್ಲಿ ತೂತು. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ಮನೆಯಲ್ಲೂ ನನ್ನನ್ನು "ಮಿಸ್" ಅಂತಲೇ ಕರೆಯುತ್ತಾಳೆ, ತಲೆಹರಟೆ. ಅವಳ ಮೈ ಸ್ವಲ್ಪ ಬೆಚ್ಚಗಿದೆ. ನಾಳೆ ಗಣಿತದ ಟೆಸ್ಟು — ನಾಟಕವಿರಬೇಕು.

ಆಗಸ್ಟ್ 9

ಆಸ್ಪತ್ರೆ. ಜ್ವರ ಇಳಿಯುತ್ತಿಲ್ಲ. ಡಾಕ್ಟರ್ "ನೋಡೋಣ" ಅನ್ನುತ್ತಾರೆ. ಏನು ನೋಡುವುದು? ಆಮೇಲೆ ಬರೆಯುತ್ತೇನೆ…

ಅಕ್ಟೋಬರ್ 6, ಸೋಮವಾರ

ಮಗಳು ಸತ್ತುಹೋದಳು. ಇದನ್ನು ಬರೆಯಲು ಇಷ್ಟು ದಿನ ಬೇಕಾಯಿತು. ಬಾಯಲ್ಲಿ ಇನ್ನೂ ಬಂದಿಲ್ಲ.

ಇವತ್ತು ಸ್ಕೂಲಿಗೆ ಹೋದೆ. ಹೆಡ್‌ಮಿಸ್ "ಎ ಸೆಕ್ಷನ್ ತಗೊಳ್ಳಿ, ಬಿ ಬೇಡ" ಅಂದರು. ಕೇಳಲಿಲ್ಲ. ಬಿ ಕ್ಲಾಸಿಗೇ ಹೋಗಿ ಪುಸ್ತಕ ಓದಿಸಿದೆ. ಯಾರೂ ಆಕಳಿಸಲೂ ಇಲ್ಲ, ಹಾಳಾದವು. ಆಕಳಿಸಿದ್ದರೆ ಬಯ್ಯಬಹುದಿತ್ತು.

ಅಕ್ಟೋಬರ್ 14

ಓದಿಸಿ ಓದಿಸಿ ನನಗೇ ಸಾಕಾಯಿತು. ಊರು ಮತ್ತೆ ಶುರು. ಕುಂಬಾರಗಿತ್ತಿ ಮಡಕೆ ಹೊತ್ತು ಆಚೆ ದಡದ ಸಂತೆಗೆ ಹೊರಟಳು. ಎಲ್ಲರೂ ಗಿಡ್ಡಿ ಅನ್ನುತ್ತಾರೆ ಅವಳನ್ನು. ಮಗಳ ಜೊತೆ ಒಂದೇ ಬೆಂಚು. ನದಿ ದಾಟಿದರೆ ಎದುರಿಗೇ ಸಂತೆ. ಅವಳೋ ಹಿಂದಿನ ಗೋಡೆಯವರೆಗೂ ನಡೆದು, ಅಲ್ಲಿ ಕಲ್ಲುಸೇತುವೆ ಅಂತ ಇಟ್ಟಿರುವ ಡೆಸ್ಕು ಹತ್ತಿ ಇಳಿದು, ಸುತ್ತಿ ಬಂದಳು. ಅವಳ ಹಿಂದೆ ಕಮ್ಮಾರ. ಕೊನೆಗೆ ರಾಜನೂ.

"ಯಾಕ್ರೋ ಹಾಗೆ ಸುತ್ತು ಹಾಕ್ತೀರಾ?"

ಗಿಡ್ಡಿ ತಲೆ ಎತ್ತಲಿಲ್ಲ. "ಸೇತುವೆ ಮೇಲೇ ಹೋಗೋದು ಮಿಸ್. ಎಲ್ರೂ ಮಾತಾಡ್ಕೊಂಡಿದ್ದೀವಿ."

ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಅಕ್ಟೋಬರ್ 15

ಇವರಿಗೆ ಹೇಳಿದೆ. "ದೋಣಿ ಬೇರೆ ಯಾರಿಗಾದ್ರೂ ಕೊಟ್ಬಿಡು" ಅಂದರು. ಮೈಯೆಲ್ಲ ಉರಿದುಹೋಯಿತು. "ಕೊಡೋಕೆ ಅದೇನು ಹಳೇ ಬಟ್ಟೇನಾ?" ಅಂದೆ. ಗಂಡ ಊಟ ಬಿಟ್ಟು ಎದ್ದುಹೋದರು. ಅವರಿಗೂ ಮಗಳೇ. ಗೊತ್ತು. ಆದರೂ ಅಂದೆ.

ಅಕ್ಟೋಬರ್ 21

ಮುಂದಿನ ಪಾಠ. ಪುಸ್ತಕದಲ್ಲಿ ಒಂದೇ ಸಾಲು — ಪೇಟೆಗೆ ಬೆಂಕಿ ಬಿತ್ತು, ಸೇತುವೆ ಕುಸಿಯಿತು, ಜನ ನದಿ ದಾಟಿ ಬದುಕಿಕೊಂಡರು. ಹಾರಿಸಬಹುದಿತ್ತು. ಹಾರಿಸಲಿಲ್ಲ.

"ಬೆಂಕಿ!" ಅಂದೆ. ಸೇತುವೆಯ ಡೆಸ್ಕು ಎಳೆದುಹಾಕಿದೆ. ಎಲ್ಲರೂ ಓಡಿಬಂದು ನದಿಯ ಗೆರೆ ಹತ್ತಿರ ನಿಂತರು. ಒಬ್ಬರೂ ಕಾಲಿಡಲಿಲ್ಲ.

"ಈಜ್ತೀವಿ ಮಿಸ್," ಅಂದ ರಾಜ.

"ನಂಗೆ ಈಜೋಕೆ ಬರಲ್ಲ. ನಾನು ಇಲ್ಲೇ ಇರ್ತೀನಿ." ಗಿಡ್ಡಿ ನೆಲದ ಮೇಲೆ ಕೂತುಬಿಟ್ಟಳು. ಕಮ್ಮಾರನೂ ಕೂತ. ನೋಡನೋಡುತ್ತ ಎಲ್ಲರೂ ಕೂತರು. ಸುಟ್ಟುಹೋದರೂ ಸರಿ, ಆ ದೋಣಿ ಮುಟ್ಟುವುದಿಲ್ಲ — ಎಂಥ ಮಕ್ಕಳಪ್ಪಾ ಇವು!

"ದೋಣಿಯವಳು ಸತ್ತುಹೋಗಿದ್ದಾಳೆ," ಅಂದೆ. ಗಟ್ಟಿಯಾಗಿಯೇ ಬಂತು. "ದೋಣಿ ಇದೆ. ಏಳು ಗಿಡ್ಡಿ. ಹುಟ್ಟು ಹಿಡಿ."

ಬೋರ್ಡಿನ ಉದ್ದ ಸ್ಕೇಲೇ ಹುಟ್ಟು, ಅದನ್ನು ಹಿಡಿದವಳ ಹಿಂದೆ ಹೆಜ್ಜೆ ಹಾಕಿದರೆ ಅದೇ ದೋಣಿ. ಅಳುತ್ತಲೇ ಹಿಡಿದಳು. ನಡೆಸಲು ಬರಲಿಲ್ಲ ಅವಳಿಗೆ, ನಡುನೀರಿನಲ್ಲಿ ಗಿರಗಿರ ಸುತ್ತಿಸಿದಳು. ಯಾರೋ ಕಿಸಕ್ಕನೆ ನಕ್ಕರು. ನನಗೂ ನಗು ಬಂತು, ಥೂ. ಇಬ್ಬಿಬ್ಬರಾಗಿ ಎಲ್ಲರನ್ನೂ ಬಾಗಿಲ ಕಡೆ ಮುಟ್ಟಿಸಿದಳು. ಬೆಲ್ ಆಯಿತು. ಯಾರೂ ಹೊರಗೆ ಹೋಗಲಿಲ್ಲ. ಪೇಟೆಯಲ್ಲಿ ಉಳಿದವಳು ನಾನೊಬ್ಬಳೇ.

ಗಿಡ್ಡಿ ಮತ್ತೆ ಬಂದಳು. "ಬನ್ನಿ ಮಿಸ್."

"ನೀವು ಹೋಗಿ. ಆಮೇಲೆ ಬರ್ತೀನಿ."

"ಬೆಂಕಿ ಹತ್ರ ಬಂತು ಮಿಸ್. ಬನ್ನಿ."

ನಾನೂ ದಾಟಿಬಿಟ್ಟರೆ ಮಗಳು ಈ ದಡದಲ್ಲಿ ಒಬ್ಬಳೇ ಆಗಿಬಿಡುತ್ತಾಳೆ. ಅದಕ್ಕೇ ಕಾಲು ಏಳಲಿಲ್ಲ. ಗಿಡ್ಡಿ ಕೈ ಚಾಚಿಕೊಂಡು ನಿಂತೇ ಇದ್ದಳು. ಹಿಡಿದುಕೊಂಡೆ. ಒಂದು ಕಾಲು ಗೆರೆಯೊಳಗೆ ಇಟ್ಟೆ. ಇನ್ನೊಂದು ಇನ್ನೂ ಪೇಟೆಯಲ್ಲೇ ಇದೆ.